ಅವರು ಕೊಡಿಸಲೊಪ್ಪದ ಸಾಲ

ಅವರ ಬಲಗೈಯ ಹೆಬ್ಬೆರಳು ಗಿಣ್ಣಿನಿಂದ ಮೇಲಕ್ಕೆ ಇರಲಿಲ್ಲ. ಪಾಲಿಬೆಟ್ಟದ ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದ ಕಾಲದಲ್ಲಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಸಿಕ್ಕಿ ತುಂಡಾದದ್ದಂತೆ. ಉಳಿದ ಮೊಂಡುಭಾಗದಿಂದ ಕಾಗದದ ಅಂಚನ್ನು ಮೇಜಿಗೆ ಒತ್ತಿಹಿಡಿದು, ಎಡಗೈಯ ತೋರುಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಅವರು ಓದುತ್ತಿದ್ದರು. ಪೆನ್ನನ್ನು ತೋರುಬೆರಳು ಮತ್ತು ನಡುಬೆರಳಿನ ಸಂದಿಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಅಕ್ಷರ ಮಾತ್ರ ಕಾಪಿಪುಸ್ತಕದಲ್ಲಿದ್ದಂತೆ ದುಂಡಗಿರುತ್ತಿತ್ತು.

ಕುಶಾಲನಗರದಲ್ಲಿ ಅವರನ್ನು ಎಲ್ಲರೂ 'ಲೋನಿನವರು' ಎಂದೇ ಕರೆಯುತ್ತಿದ್ದರು. ಮನೆ ಕೊಳ್ಳುವವರಿಗೆ ಬ್ಯಾಂಕಿನ ಸಾಲ ಹೊಂದಿಸಿಕೊಡುವುದು ಅವರ ಕಸುಬು. ಆದರೆ ಅವರು ಯಾವ ಒಂದು ಬ್ಯಾಂಕಿನ ಆಳೂ ಆಗಿರಲಿಲ್ಲ. ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆನಿಂತ ಬೇಸಾಯಗಾರರ ಮಗ. ಎಸ್ಟೇಟ್ ಬಿಟ್ಟ ಮೇಲೆ ಎರಡು ವರ್ಷ ಸಾಲ ಕೊಡುವ ಒಂದೇ ಸಂಸ್ಥೆಯ ಏಜೆಂಟರಾಗಿದ್ದರು. ಎರಡು ವರ್ಷವೆಂದು ಅವರೇ ಹೇಳಿದ್ದು. ಎಸ್ಟೇಟ್ ಬಿಟ್ಟ ಕಾಲವನ್ನೂ ಬಸ್ ನಿಲ್ದಾಣದ ಹಿಂದೆ ಸ್ವಂತ ಕೋಣೆ ಹಿಡಿದ ಕಾಲವನ್ನೂ ಅವರ ಮಡದಿಯಿಂದ ಕೇಳಿ ತಾಳೆ ನೋಡಿದಾಗ ಮೂರು ವರ್ಷಕ್ಕೆ ಸಮೀಪವೆಂದು ತೋರುತ್ತದೆ. ಆ ಏಜೆನ್ಸಿಯನ್ನು ಏಕೆ ಬಿಟ್ಟಿರೆಂದು ಕೇಳಿದ್ದೆ.

"ಒಂದೇ ಅಂಗಡಿ ಚಪ್ಲಿನ ಎಲ್ಲಾರ ಕಾಲ್ಗೂ ತೊಡ್ಸಕ್ಕಾಯ್ತದಾ ಸಾರ್? ನಾನು ತೊಡ್ಸಿದ್ದೆ. ಕಚ್ಚಿದ್ದು ಅವ್ರಿಗೆ," ಎಂದಿದ್ದರು. ಯಾರಿಗೆ ಕಚ್ಚಿತೆಂಬುದನ್ನು ನಾನು ಎರಡು ಬಾರಿ ವಿಚಾರಿಸಿದರೂ ಹೇಳಲಿಲ್ಲ.

ನಾನು ಅವರ ಕೋಣೆಯ ಮೆಟ್ಟಿಲು ಹತ್ತಿದ್ದು ನಿವೃತ್ತಿಗೆ ಐದು ತಿಂಗಳಿದ್ದಾಗ. ಬದುಕನ್ನೆಲ್ಲ ಕೆಲಸಕ್ಕಿದ್ದ ಸಂಸ್ಥೆಯ ವಸತಿಗೃಹಗಳಲ್ಲಿ ಕಳೆದವನಿಗೆ ಸ್ವಂತದ್ದೆಂಬ ಮನೆ ಇರಲಿಲ್ಲ. ಕೊಡಗಿನ ಭೂಕಂದಾಯದ ಹಳೆಯ ದಾಖಲೆಗಳನ್ನು ಅಭ್ಯಾಸ ಮಾಡುವುದು ನನ್ನ ವೃತ್ತಿಯಾಗಿತ್ತು. ಆ ನೆಪದಲ್ಲಿ ತಿರುಗಾಡಿದ ನೆಲದಲ್ಲಿಯೇ ಉಳಿಯಬೇಕೆಂಬ ಆಸೆ ನನಗೂ ನನ್ನ ಹೆಂಡತಿಗೂ ಬೆಳೆದಿತ್ತು. ತಿತಿಮತಿಯ ಬಳಿ ಒಂದು ಮನೆ ಕಂಡಿತ್ತು: ಹಂಚಿನದು, ನಾಲ್ಕು ಕೋಣೆ, ಹಿಂದೆ ಬಾವಿ, ಬೇಲಿಯಾಚೆ ಕಾಡು. ಮೊಣಕಾಲು ನೋವಿನ ನನ್ನ ಹೆಂಡತಿಗೆ ಹತ್ತಲು ಒಂದು ಮೆಟ್ಟಿಲೂ ಇರಲಿಲ್ಲ. ಭವಿಷ್ಯನಿಧಿಯ ಅಷ್ಟೂ ಹಣ ಹಾಕಿ, ಉಳಿದದ್ದಕ್ಕೆ ಸಾಲ ಪಡೆದರೆ ಅದು ನಮ್ಮದಾಗುತ್ತಿತ್ತು. ವಸತಿಗೃಹ ತೆರವು ಮಾಡಬೇಕಾದ ದಿನ ಹತ್ತಿರ ಬರುತ್ತಿತ್ತು. ಈ ವಯಸ್ಸಿನಲ್ಲಿ ಒಮ್ಮೆ ತಪ್ಪಿದರೆ ಮತ್ತೊಮ್ಮೆ ಕೊಳ್ಳುವ ಶಕ್ತಿ ನಮಗಿರಲಿಲ್ಲ.

ಅದಕ್ಕೆ ಮೊದಲೇ ಒಂದು ಬ್ಯಾಂಕಿನ ಪ್ರತಿನಿಧಿ ನಮ್ಮ ಮನೆಗೆ ಬಂದು, ಹೊಳೆಯುವ ಕಾಗದದ ಪುಸ್ತಿಕೆ ಹರಡಿ, ವಾರದೊಳಗೆ ಮಂಜೂರಾತಿ ಎಂದು ಹೇಳಿ ಹೋಗಿದ್ದ. ಇಬ್ಬರಲ್ಲಿ ಯಾರನ್ನು ಆರಿಸಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ನಾನು ಲೋನಿನವರ ಮುಂದೆಯೇ ಇಟ್ಟೆ. "ನಿಮಗೆ ಹಣ ಕೊಡುವವರು ಯಾರು?" ಎಂದು ನೇರವಾಗಿ ಕೇಳಿದೆ.

"ಬ್ಯಾಂಕಿನೋರು ಸಾರ್. ಸಾಲ ಆದ್ರೆ ಕೊಡ್ತಾರೆ, ಆಗ್ದಿದ್ರೆ ಇಲ್ಲ. ಅದ್ಕೇ ನನ್ ಮಾತ್ನ ಅರ್ಧ ನಂಬಿ, ಇನ್ನರ್ಧ ನೀವೇ ನೋಡ್ಕಳಿ."

ಜೊತೆಗೆ ಬಂದಿದ್ದ ನನ್ನ ಹೆಂಡತಿ ಸೆರಗಿನ ಮರೆಯಲ್ಲಿ ನಕ್ಕಳು. ಹೊರಗೆ ಬಂದ ಮೇಲೆ "ಅರ್ಧ ನಂಬಿ ಅಂತ ಹೇಳೋನನ್ನ ಪೂರ್ತಿ ನಂಬಬಹುದು," ಎಂದಳು. ನಾನು ಆರಿಸಿಕೊಂಡದ್ದು ಹೀಗೆ. ಇದಕ್ಕಿಂತ ವಿದ್ವತ್ಪೂರ್ಣವಾದ ಕಾರಣವೇನೂ ನನ್ನಲ್ಲಿಲ್ಲ.

ಮನೆಯ ಕಾಗದಗಳನ್ನು ನಾನೇ ಪರಿಶೀಲಿಸಿದ್ದೆ. ಕೊಡಗಿನಲ್ಲಿ ಜಮ್ಮಾ ಎಂಬ ಹಿಡುವಳಿಯ ಜಮೀನು ಒಬ್ಬರದಲ್ಲ, ಇಡೀ ಕುಟುಂಬದ್ದು. ಅದನ್ನು ಮಾರಲು ಹಕ್ಕುಳ್ಳವರೆಲ್ಲರ ಒಪ್ಪಿಗೆ ಬೇಕು. ಈ ಮನೆಯ ನಿವೇಶನವೂ ಮೂಲತಃ ಅಂಥದ್ದೇ. ಆದರೆ ಕುಟುಂಬದಲ್ಲಿ ಪಾಲಾಗಿ, ಆ ಪಾಲುಪತ್ರ ನೋಂದಣಿಯಾಗಿ, ಮಾರಾಟಗಾರರ ಹೆಸರಿಗೆ ಬಂದಿತ್ತು. ಪಹಣಿ, ಋಣಭಾರ ಪತ್ರ, ವಂಶವೃಕ್ಷ ಮೂರನ್ನೂ ಒಂದರ ಪಕ್ಕದಲ್ಲೊಂದು ಇಟ್ಟು, ಪ್ರತಿ ದಿನಾಂಕವನ್ನೂ ತಾಳೆ ನೋಡಿ, ನಾಲ್ಕು ಪುಟದ ಟಿಪ್ಪಣಿ ಸಿದ್ಧಪಡಿಸಿ ಲೋನಿನವರ ಕೈಗಿತ್ತೆ. ಅವರು ಒಂದಕ್ಷರ ಬಿಡದೆ ಓದಿದರು.

"ಚೆನ್ನಾಗೈತೆ ಸಾರ್. ನಮ್ ವಕೀಲ್ರೂ ಹಿಂಗ್ ಬರೆಯಲ್ಲ. ಮನೆಗೆ ಯಾವಾಗ ಹೋಗನ?"

"ನಾನು ನೋಡಿ ಬಂದಿದ್ದೇನಲ್ಲ."

"ನಾನು ನೋಡಿಲ್ವಲ್ಲ."

ಮನೆಯನ್ನು ಕಣ್ಣಾರೆ ಕಾಣದೆ ಅವರು ಯಾರ ಅರ್ಜಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಕಾಣುವ ಕ್ರಮವೂ ಅವರದೇ. ಅಂಗಳದಿಂದ ಒಳಹೋಗದೆ, ಮನೆಯನ್ನು ಒಂದು ಸುತ್ತು ಬಳಸಿ ಹಿಂಬಾಗಿಲಿಗೆ ಹೋಗುತ್ತಿದ್ದರು. ಕುಡಿಯಲು ನೀರು ಕೇಳುತ್ತಿದ್ದರು. ಎಸ್ಟೇಟಿನಲ್ಲಿ ಬೆಳಗಿನ ಹೊತ್ತು ಕೂಲಿಯವರ ಲೈನುಮನೆಗಳ ಹಿಂದೆ ನಡೆದು ಯಾರು ಹಣ್ಣು ಕೀಳುವ ಪಿಕ್ಕಿಂಗಿಗೆ ಬರುತ್ತಾರೆ, ಯಾರು ಜ್ವರವೆಂದು ಮಲಗಿದ್ದಾರೆ ಎಂದು ನೋಡಿಕೊಳ್ಳುತ್ತಿದ್ದ ರೈಟರನ ಅಭ್ಯಾಸ ಅದು.

ತಿತಿಮತಿಗೆ ನಾವು ಮೂವರೂ ಹೋದದ್ದು ಒಂದು ಗುರುವಾರ. ನನ್ನ ದಿನಚರಿಯಲ್ಲಿ ಬುಧವಾರವೆಂದಿದೆ; ಬಸ್ಸಿನ ಟಿಕೆಟು ಗುರುವಾರವೆನ್ನುತ್ತದೆ. ಟಿಕೆಟನ್ನೇ ನಂಬುತ್ತೇನೆ. ಮಾರಾಟಗಾರರು ಜಗಲಿಯಲ್ಲಿ ನಮ್ಮನ್ನು ಕೂರಿಸಿಕೊಂಡು ಆನೆ ಬೇಲಿಯ ಮಾತಾಡುತ್ತಿದ್ದರು. ಸಜ್ಜನರು, ಮಗಳ ಬಳಿ ಹೋಗಿ ನೆಲೆಸಲು ಮನೆ ಮಾರುತ್ತಿದ್ದವರು. ಲೋನಿನವರು ಎಂದಿನಂತೆ ಹಿಂದಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಬಂದು ನನ್ನನ್ನು ಸನ್ನೆಮಾಡಿ ಕರೆದರು.

ಬಾವಿಯ ಪಕ್ಕ ಹಗ್ಗದ ಮೇಲೆ ಎರಡು ಬಿಳಿ ಸೀರೆ ಒಣಗುತ್ತಿದ್ದವು.

"ಇವು ಯಾರವು ಸಾರ್?"

"ಕೆಲಸದಾಕೆಯವು ಇರಬೇಕು. ಕಳೆದ ಸಲ ಆಕೆಯೇ ಕಾಫಿ ಕೊಟ್ಟದ್ದು."

"ಕೆಲ್ಸಕ್ಕೆ ಬರೋರು ಬಟ್ಟೆ ಇಲ್ಲೇ ಒಣ್ಗಾಕ್ತಾರಾ?"

ಅವರು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತರು. ನಾನು ಹಿಂದೆ ನಿಂತೆ. ಒಳಗೆ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಬೆಲ್ಲದ ಕಾಫಿ ಸೋಸುತ್ತಿದ್ದರು. ಹೊಸಬರನ್ನು ಕಂಡರೆ ಕೊಡಗಿನಲ್ಲಿ ಮೊದಲು ಕೇಳುವ ಪ್ರಶ್ನೆಯನ್ನೇ ಲೋನಿನವರು ಕೇಳಿದರು.

"ಅಕ್ಕ, ನಿಮ್ದು ಯಾವ ಮನೆ?"

"ಇದೇ ಮನೆ. ಮತ್ತೆ ಯಾವುದು ಮಾರಾಯ್ರೆ? ನಾನು ಹುಟ್ಟಿದ್ದೇ ಇಲ್ಲಿ. ಗಂಡ ಹೋದ ಮೇಲೆ ವಾಪಸ್ ಬಂದೆ. ಹೊರಗೆ ಕೂತಿರುವವನು ನನ್ನ ತಮ್ಮ."

"ಮನೆ ಕೊಡೋ ವಿಚಾರ ಗೊತ್ತಾ ಅಕ್ಕ?"

ಆಕೆ ಸೋಸುವುದನ್ನು ನಿಲ್ಲಿಸದೆ ಕೇಳಿದರು: "ಯಾರ ಮನೆ?"

ಆಕೆ ಪಾತ್ರೆ ಕೆಳಗಿಟ್ಟು ನಮ್ಮ ಮುಖಗಳನ್ನು ನೋಡಿದರು. ಆಮೇಲೆ ಲೋಟಗಳಿಗೆ ಕಾಫಿ ಸುರಿದು, "ಆರಿ ಹೋಗ್ತದೆ, ಕುಡೀರಿ," ಎಂದು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಗಂಡ ತೀರಿದ ಹೆಣ್ಣು ತವರಿಗೆ ಮರಳಿದರೆ ಅವಳಿಗೆ ಆ ಮನೆಯಲ್ಲಿ ಬಾಳುವ ಜಾಗವಿದೆ ಎಂಬುದು ಇಲ್ಲಿ ರೂಢಿಯಲ್ಲಿರುವ ನಡೆ. ಅದರ ಬಗ್ಗೆ ನಾನೇ ಒಂದು ಪ್ರಬಂಧದಲ್ಲಿ ಅಡಿಟಿಪ್ಪಣಿ ಬರೆದಿದ್ದೆ. ಮದುವೆಯಾಗಿ ಹೋದವರೆಂದು ಆಕೆಯ ಹೆಸರು ವಂಶವೃಕ್ಷದಲ್ಲಿ ಇರಲಿಲ್ಲ. ಪಾಲುಪತ್ರದಲ್ಲೂ ಇರಲಿಲ್ಲ. ಆದ್ದರಿಂದ ನನ್ನ ನಾಲ್ಕು ಪುಟಗಳಲ್ಲೂ ಇರಲಿಲ್ಲ. ಆಕೆಯ ಕೈಯಿಂದ ಕಾಫಿ ತೆಗೆದುಕೊಂಡಿದ್ದ ನಾನು ಯಾರೆಂದು ಕೇಳಿರಲಿಲ್ಲ.

ಜಗಲಿಯಲ್ಲಿ ಮಾರಾಟಗಾರರು ತಲೆ ತಗ್ಗಿಸಿ, "ಹೇಳಿದ್ರೆ ಅಳ್ತಾಳೆ ಅಂತ ಹೇಳ್ಲಿಲ್ಲ. ಕೊನೆಗೆ ಹೇಳುವಾ ಅಂತ ಇದ್ದೆ. ನಮ್ಮೊಟ್ಟಿಗೇ ಬರ್ತಾಳೆ, ಬೇರೆ ಎಲ್ಲಿ ಹೋಗ್ತಾಳೆ?" ಎಂದರು. ಅದು ಸುಳ್ಳೆಂದು ನನಗೆ ಈಗಲೂ ಅನಿಸುವುದಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಕೇಳಿದೆ: "ಕಾನೂನಿನ ಪ್ರಕಾರ ಇದು ಅಡ್ಡಿಯಾಗುತ್ತದೆಯೇ?"

"ಬ್ಯಾಂಕಿನ ವಕೀಲ್ರು ಕಾಗ್ದ ನೋಡ್ತಾರೆ, ಪಾಸ್ ಮಾಡ್ತಾರೆ. ಸಾಲ ಬರ್ತದೆ ಸಾರ್. ನಾನ್ ಕೊಡ್ಸಲ್ಲ."

"ಆಕೆ ಒಪ್ಪಿದರೆ?"

"ಒಪ್ಪಿದ್ರೆ ಮಾರನೆ ದಿನ ಫೈಲ್ ಹಾಕ್ತೀನಿ. ಒಪ್ಸಕ್ಕೆ ಮಾತ್ರ ನಾವ್ ಹೋಗಂಗಿಲ್ಲ. ಅದು ಅಕ್ಕ ತಮ್ಮನ ಮಾತು." ಮತ್ತೆ ಸೇರಿಸಿದರು: "ಬೇಕಂದ್ರೆ ಬೇರೆಯೋರು ಮಾಡ್ಕೊಡ್ತಾರೆ. ನಿಮ್ಗೆ ಟೈಮಿಲ್ಲ ಅಂತ ಗೊತ್ತು. ನಾನೇನೂ ಬೇಜಾರ್ ಮಾಡ್ಕಳಲ್ಲ."

ಇಲ್ಲಿ ನಾನು ಒಂದು ಸಂಗತಿಯನ್ನು ಮುಚ್ಚಿಡಬಾರದು. ಮರುದಿನ ನಾನು ಆ ಬ್ಯಾಂಕಿನ ಪ್ರತಿನಿಧಿಗೆ ದೂರವಾಣಿ ಮಾಡಿದೆ. ಆತ ಸಂತೋಷದಿಂದ, ಸೋಮವಾರವೇ ಅರ್ಜಿ ಹಾಕೋಣವೆಂದ. ಮೂರು ದಿನ ನಾನು ಅರ್ಜಿಯ ನಮೂನೆಯನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೆ, ಎರಡು ಪುಟ ತುಂಬಿಯೂ ಇದ್ದೆ. ನನ್ನ ಹೆಂಡತಿ ಅದನ್ನು ಕಂಡಳು.

"ಜೀವಮಾನವೆಲ್ಲ ಸತ್ತವರ ಕಾಗದ ಓದಿದಿರಿ," ಎಂದಳು. "ಬದುಕಿರೋಳನ್ನ ನಿಮಗೆ ತೋರಿಸೋದಕ್ಕೆ ಲೋನಿನವರು ಬರಬೇಕಾಯ್ತು. ಆ ಅಡುಗೆಮನೇಲಿ ನಾನು ಒಲೆ ಹಚ್ಚೋದಿಲ್ಲ. ನೀವು ಹಚ್ಚೋದಾದರೆ ತಗೊಳ್ಳಿ."

ಅಕ್ಕ ಒಪ್ಪಲಿಲ್ಲವೆಂದು ಮಾರಾಟಗಾರರಿಂದ ಸುದ್ದಿ ಬಂದದ್ದು ಮುಂದಿನ ವಾರ. ಅದಕ್ಕೆ ಮೊದಲೇ ನಾವು ಬೇಡವೆಂದು ತಿಳಿಸಿಯಾಗಿತ್ತು ಎಂಬುದಷ್ಟೇ ನನ್ನ ಸಮಾಧಾನ. ಈ ಎರಡರಲ್ಲಿ ಯಾವುದು ಮುಂಚಿನದೆಂದು ಪತ್ರಗಳನ್ನು ತೆಗೆದು ಮತ್ತೊಮ್ಮೆ ನೋಡಿಕೊಂಡಿದ್ದೇನೆ.

ಹದಿನಾಲ್ಕು ತಿಂಗಳು ಬಾಡಿಗೆಯ ಮನೆಯಲ್ಲಿದ್ದೆವು. ಆ ಅವಧಿಯಲ್ಲಿ ಲೋನಿನವರು ಏಳು ಮನೆ ನೋಡಿ ಆರನ್ನು ಬೇಡವೆಂದರು. ಏಳನೆಯದು ಕುಶಾಲನಗರದ ಅಂಚಿನಲ್ಲಿರುವ, ನಾವು ಈಗ ವಾಸಿಸುತ್ತಿರುವ ಎರಡು ಕೋಣೆಯ ಮನೆ. ಪಿಂಚಣಿದಾರನಿಗೆ ಕಡಿಮೆ ಅವಧಿಗೆ ಸಾಲ ಕೊಡುವ ಬ್ಯಾಂಕನ್ನು ಮೂರು ಬ್ಯಾಂಕುಗಳ ಷರತ್ತುಗಳನ್ನು ಹೋಲಿಸಿ ಅವರೇ ಆರಿಸಿದರು. ಕರಾರಿನ ಪ್ರತಿ ಪುಟವನ್ನೂ ನನ್ನ ಹೆಂಡತಿಯಿಂದ ಗಟ್ಟಿಯಾಗಿ ಓದಿಸಿದರು. "ಯಜಮಾನ್ರು ಓದಿದ್ರೆ ಒಪ್ಕಂಡ್ ಹೋಗ್ತಾರಮ್ಮ. ನೀವಾದ್ರೆ ಜಗಳ ಮಾಡ್ತೀರಿ," ಎಂಬುದು ಅದಕ್ಕೆ ಅವರು ಕೊಟ್ಟ ಕಾರಣ. ಅವಳು ಮಾಡಿದಳು. ಎರಡು ಷರತ್ತುಗಳನ್ನು ಬ್ಯಾಂಕು ಕೈಬಿಟ್ಟಿತು.

ಆಮೇಲೆ ಅವರು ನಮ್ಮ ಮನೆಗೆ ಬಂದುಹೋಗುವವರಾದರು. ಬಂದಾಗಲೆಲ್ಲ ಹಿಂಬಾಗಿಲಿನಿಂದಲೇ ಬರುತ್ತಿದ್ದರು.

ಹೋದ ವರ್ಷ ಅವರ ಹೃದಯದ ಕಾಯಿಲೆ ಉಲ್ಬಣಿಸಿ ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ನಾನು ನೋಡಲು ಹೋದಾಗ ದಿಂಬಿನಡಿಯಿಂದ ಒಂದು ಕಡತ ತೆಗೆದುಕೊಟ್ಟರು. ಮನೆ ಕೊಳ್ಳುವವನು ದುಬಾರೆಯ ಆನೆ ಶಿಬಿರದಲ್ಲಿ ಕೆಲಸಮಾಡುವವನೊಬ್ಬ, ಅವನ ಹೆಂಡತಿ ದಾದಿ. ಇಬ್ಬರಿಗೂ ಅದು ಮೊದಲ ಮನೆ. ಮುಂಗಡ ಕೊಡುವ ಗಡುವು ಆ ವಾರಾಂತ್ಯಕ್ಕಿತ್ತು.

"ಕಾಗ್ದ ಎಲ್ಲಾ ನೋಡಿದ್ದೀನಿ, ಸರಿಯಾಗೈತೆ. ಮನೆ ನೋಡಕ್ಕಾಗ್ಲಿಲ್ಲ. ನೀವೊಂದ್ ಸಲ ಹೋಗ್ಬನ್ನಿ ಸಾರ್."

"ನಾನೇ? ನನ್ನ ಕಣ್ಣಿನ ಯೋಗ್ಯತೆ ನಿಮಗೆ ಗೊತ್ತಿದೆ."

"ಗೊತ್ತು. ಒಂದ್ಸಲ ತಪ್ಪಿದೋರು ಎರಡ್ನೇ ಸಲ ಗಟ್ಟಿಯಾಗ್ ನೋಡ್ತಾರೆ." ಉಸಿರಿಗೆ ಕಷ್ಟವಾಗುತ್ತಿದ್ದರೂ ನಕ್ಕರು. "ಬೇಗ ಹೇಳಿ. ಪಾಪ, ಕಾಯ್ತಾ ಅವ್ರೆ."

ಮರುದಿನ ಬೆಳಿಗ್ಗೆ ಒಂಬತ್ತೂವರೆಯ ಬಸ್ಸಿಗೆ ಹೋದೆ. ದುಬಾರೆಗೆ ಹೋಗುವ ದಾರಿಯಲ್ಲಿನ ಆ ಮನೆಯನ್ನು ಸುತ್ತಿದೆ. ಬೀಗದ ಕೈ ಹಿಡಿದು ಬಂದ ಮಾರಾಟಗಾರರನ್ನು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಪಕ್ಕದ ಮನೆಯವರನ್ನು, ಆಚೆಯ ಅಂಗಡಿಯವರನ್ನು ವಿಚಾರಿಸಿದೆ. ಮೂರು ವರ್ಷದಿಂದ ಅಲ್ಲಿ ಯಾರೂ ವಾಸವಿರಲಿಲ್ಲ. ಮನೆಯನ್ನು ತನ್ನದೆನ್ನುವ ಬೇರೊಬ್ಬ ಜೀವವಿರಲಿಲ್ಲ. ಒಲೆಯ ಬೂದಿಯೂ ತಣ್ಣಗೆ ಗಟ್ಟಿಯಾಗಿತ್ತು. ಎಲ್ಲ ಸರಿಯಾಗಿದೆ ಎಂದು ಹೇಳಲು ಅಲ್ಲಿಂದಲೇ ಅವರಿಗೆ ದೂರವಾಣಿ ಮಾಡಿದೆ. ಎತ್ತಿಕೊಂಡವರು ಅವರ ಮಡದಿ.

ಲೋನಿನವರು ತೀರಿಕೊಂಡ ಹೊತ್ತು ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಆಸ್ಪತ್ರೆಯ ಪತ್ರದಲ್ಲಿ ಹಾಗೆಯೇ ಇದೆ. ನಾನು ಬಸ್ಸು ಹತ್ತುವುದಕ್ಕೆ ಮೊದಲೇ ಅವರು ಹೋಗಿದ್ದರು.

ಅವರ ಮಡದಿ ಅಳುತ್ತಿರಲಿಲ್ಲ. ನಾನು ಎಲ್ಲಿಂದ ಮಾತಾಡುತ್ತಿದ್ದೇನೆಂದು ಕೇಳಿದರು. ಹೇಳಿದೆ. ಆ ಕಡೆಯಲ್ಲಿ ಜನರ ದನಿ, ಗಾಡಿಯೊಂದು ಹಿಂದಕ್ಕೆ ಸರಿಯುವ ಸದ್ದು ಕೇಳಿಸುತ್ತಿತ್ತು.

"ಮನೆ ನೋಡಿದ್ರಾ? ಹೆಂಗೈತೆ?"

"ಸರಿಯಾಗಿದೆ ಅಮ್ಮ. ತೆಗೆದುಕೊಳ್ಳಬಹುದು."

"ಹಂಗಾರೆ ಆ ಗಂಡ-ಹೆಂಡ್ತಿಗೆ ಈಗ್ಲೇ ಹೇಳ್ಬಿಡಿ ಸಾರ್. ಆಮೇಲೆ ಬನ್ನಿ," ಎಂದರು.

ನಾನು ಹಾಗೆಯೇ ಮಾಡಿದೆ.