ಕಾಂತರಾಜನ ದುಡಿದ ಕೈ

ಪಂಚನಹಳ್ಳಿಯ ಕಾಂತರಾಜ್ ತೆಂಗಿನಕಾಯಿ ದಲ್ಲಾಳಿ. ಕಾಯಿ ಕೀಳುವವರು ಬೇರೆ, ಸುಲಿಯುವವರು ಬೇರೆ, ಹೊರುವವರು ಬೇರೆ. ಫೋನು ಹಿಡಿದು ನೆರಳಲ್ಲಿ ನಿಲ್ಲುವವನು ಇವನು. ತನ್ನ ಮೈಯಲ್ಲಿ ದುಡಿಯುವುದು ನಾಲಿಗೆ ಒಂದೇ ಎಂದು ತಾನೇ ಹೇಳಿಕೊಂಡು ನಗುತ್ತಿದ್ದ. ಆದರೂ ಅವನ ಅಂಗೈ ಹಳದಿಗಟ್ಟಿ, ಮರದ ತೊಗಟೆಯಷ್ಟು ದಪ್ಪಗಿತ್ತು. ಅವನಪ್ಪನದೂ ಹಾಗೇ, ಆದರೆ ಅಪ್ಪ ನೇಗಿಲು ಹಿಡಿದವನಾದ್ದರಿಂದ ಯಾರೂ ಕಾರಣ ಕೇಳಿರಲಿಲ್ಲ.

ಅಮೃತಾಪುರಕ್ಕೆ ಹೆಣ್ಣು ನೋಡಲು ಹೋದ ದಿನ ಹುಡುಗಿಯ ಅಪ್ಪ ಕರಿಸಿದ್ದಪ್ಪ ಇವನ ಕೈ ಹಿಡಿದವರು ಬಿಡಲೇ ಇಲ್ಲ. ಅಂಗೈ ಒತ್ತಿ ನೋಡಿ, "ದುಡ್ದಿರೋ ಕೈ ಕಣೇ" ಎಂದು ಹೆಂಡತಿ ಹನುಮಂತಮ್ಮನಿಗೂ ತೋರಿಸಿದರು. ಕಾಂತರಾಜ್ ನಗು ತಡೆಯಲು ತಲೆ ತಗ್ಗಿಸಿದ. ಅವರು ಅದನ್ನು ವಿನಯವೆಂದುಕೊಂಡರು. ಅವರ ಮಗಳು ದೀಪಶ್ರೀ ಅವನಿಗೆ ಸಿಕ್ಕಿದ್ದು ಹೀಗೆ.

ಬಾಣಂತನವೂ ಅಮೃತಾಪುರದಲ್ಲೇ ಆಯಿತು. ಹನುಮಂತಮ್ಮ ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಬಿಸಿನೀರು ಹಾಕುತ್ತಿದ್ದರು. ಬರಬರುತ್ತ ಮಗುವಿನ ಅಂಗೈ, ಅಂಗಾಲು ಕೆಂಪಾಗಿ ದಪ್ಪವಾದವು. ನೀರು ಸುಟ್ಟಿದೆ ಎಂದರು ಅಕ್ಕಪಕ್ಕದವರು. ಕರಿಸಿದ್ದಪ್ಪನೂ ಅದನ್ನೇ ಹೇಳಿದರು. ಕೊನೆಗೆ ದೀಪಶ್ರೀಯೇ, "ಅವ್ವ, ಇನ್ಮೇಲೆ ನೀನು ನೀರು ಹಾಕ್ಬೇಡ" ಎಂದುಬಿಟ್ಟಳು. ಅಂದಿನಿಂದ ಹನುಮಂತಮ್ಮ ಮಗು ಅತ್ತರೂ ಎತ್ತಿಕೊಳ್ಳಲಿಲ್ಲ.

ಮಗುವಿನ ಪಾದ ಮುಟ್ಟಿದಾಗಲೇ ಕಾಂತರಾಜನಿಗೆ ಅನುಮಾನ ಬಂದಿತ್ತು. ಹೇಳಿದರೆ ದುಡಿದ ಕೈಯ ಮರ್ಯಾದೆ ಹೋಗುತ್ತದಲ್ಲ! ಹಾಗಾಗಿ ದುಡಿಯುವ ಒಂದೇ ಅಂಗಕ್ಕೂ ರಜೆ ಕೊಟ್ಟು ಸುಮ್ಮನಿದ್ದ.

ಕೊನೆಗೆ ಎಲ್ಲರೂ ಶಿವಮೊಗ್ಗದ ಚರ್ಮದ ಡಾಕ್ಟರ ಬಳಿ ಹೋದರು. ಇದು ಸುಟ್ಟದ್ದಲ್ಲ ಎಂದರು ಡಾಕ್ಟರು. ಚರ್ಮದ ಕೋಶಗಳು ಅಡಿಯಲ್ಲಿ ಹುಟ್ಟಿ, ಮೇಲೇರುತ್ತ ಬಲಿತು, ಉದುರಿಹೋಗಬೇಕು. ಹೇಗೆ ಬಲಿಯಬೇಕೆಂದು ಹೇಳಿಕೊಡುವ ಜೀನ್ ಕೆಟ್ಟಿದ್ದರೆ ಪದರದ ಮೇಲೆ ಪದರ ಕೂರುತ್ತದೆ. ಮುಲಾಮು ಹಚ್ಚುತ್ತಿದ್ದರೆ ಮೆತ್ತಗಿರುತ್ತದೆ. ಇದು ವಂಶದಲ್ಲಿ ಬರುವಂಥದ್ದು, ಮನೆಯಲ್ಲಿ ಯಾರಿಗಿದೆ ಎಂದು ಕೇಳಿದರು.

ಹನುಮಂತಮ್ಮ ತಪ್ಪು ಮಾಡಿದವರಂತೆ ಬಾಗಿಲ ಬಳಿಯೇ ನಿಂತಿದ್ದರು. ಕಾಂತರಾಜ್ ಅವರನ್ನೊಮ್ಮೆ ನೋಡಿ, ಜೇಬಿನಿಂದ ಎರಡೂ ಕೈ ತೆಗೆದು ಮೇಜಿನ ಮೇಲಿಟ್ಟ.

"ಅತ್ತೆ ಹಾಕಿದ ನೀರಿಂದಲ್ಲ ಮಾವ, ನನ್ನಿಂದ ಬಂದಿದ್ದು. ನಮ್ಮಪ್ಪಂಗೂ ಇತ್ತು."

ಕರಿಸಿದ್ದಪ್ಪ ಆ ಅಂಗೈಯನ್ನು ಮತ್ತೆ ಒತ್ತಿ ನೋಡಿದರು. "ಹಂಗಾದ್ರೆ ಇದು ದುಡ್ದಿರೋ ಕೈ ಅಲ್ವಾ?"

"ಎಲ್ಲಿ ದುಡ್ದೆ ಮಾವ? ಈ ಕೈ ಎತ್ತಿರೋ ಭಾರ ಅಂದ್ರೆ ಫೋನು."

ದೀಪಶ್ರೀ ಎದ್ದು ಹೋಗಿ ಮಗುವನ್ನು ಅವ್ವನ ತೋಳಿಗೆ ಕೊಟ್ಟಳು. ಹನುಮಂತಮ್ಮ ಆ ದಪ್ಪ ಅಂಗಾಲನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣೊರೆಸಿಕೊಂಡರು. ಬಸ್ಸಿನಲ್ಲೂ ಮಗುವನ್ನು ಯಾರ ಕೈಗೂ ಕೊಡಲಿಲ್ಲ.

ಮಾವ ತರೀಕೆರೆಯಲ್ಲಿ ಇಳಿದೊಡನೆ ಮನೆಯವರ ಚೀಲಗಳನ್ನೆಲ್ಲ ಅಳಿಯನ ಕೈಗೆ ದಾಟಿಸಿ, ಮುಂದೆ ನಡೆದರು.