ಒಂದೇ ಕಿಡ್ನಿ

ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನವರು ಹೊಟ್ಟೆನೋವೆಂದು ರಜೆ ಹಾಕಿ ಹೋದವರು ವಾಪಸು ಬರಲೇ ಇಲ್ಲ. ಕ್ಯಾನ್ಸರ್ ಆಗಲೇ ಹರಡಿಬಿಟ್ಟಿತ್ತಂತೆ. ಅದನ್ನು ಕೇಳಿದ ಮೇಲೆ ನನ್ನ ಗಂಡ, "ಇಡೀ ಮೈ ಸ್ಕ್ಯಾನ್ ಮಾಡ್ತಾರಂತೆ, ಒಂದ್ಸಲ ಮಾಡಿಸ್ಬಿಡು" ಎಂದು ಹಿಂದೆ ಬಿದ್ದರು. ನನಗೆ ತೊಂದರೆ ಏನೂ ಇರಲಿಲ್ಲ. ಅವರ ಸಮಾಧಾನಕ್ಕೆ ಒಪ್ಪಿಕೊಂಡೆ.

ಸ್ಕ್ಯಾನ್ ಸೆಂಟರ್ ಇದ್ದದ್ದು ಇಂದಿರಾನಗರದಲ್ಲಿ, ಬಟ್ಟೆ ಅಂಗಡಿಯೊಂದರ ಮೇಲೆ. ಬಳೆ, ತಾಳಿ, ಮೂಗುತಿ ಎಲ್ಲ ಬಿಚ್ಚಿಸಿ ಒಳಗೆ ತಳ್ಳಿದರು. ಯಂತ್ರ ಕಲ್ಲು ಒಡೆಯುವ ಹಾಗೆ ಸದ್ದು ಮಾಡುತ್ತಿತ್ತು. ಆದರೂ ನಿದ್ದೆ ಬಂದುಬಿಟ್ಟಿತು.

ಆ ವಾರವೇ ಡಾಕ್ಟರು ಕರೆಸಿದರು. ಸಣ್ಣ ವಯಸ್ಸಿನ ಹೆಣ್ಣುಮಗಳು.

"ಮೇಡಂ, ಯಾವಾಗ್ಲಾದ್ರೂ ಕಿಡ್ನಿ ಆಪರೇಷನ್ ಆಗಿತ್ತಾ?"

"ಇಲ್ಲ."

"ನಿಮ್ಗೆ ಬಲಗಡೆ ಕಿಡ್ನಿ ಇಲ್ಲ. ಕೆಲವ್ರಿಗೆ ಹುಟ್ಟಿದಾಗಿಂದ್ಲೇ ಇರಲ್ಲ. ಎಡಗಡೇದೇ ದೊಡ್ಡದಾಗಿ ಬೆಳ್ದು ಎರಡರ ಕೆಲ್ಸಾನೂ ಮಾಡ್ತಿದೆ. ಬೇರೆಲ್ಲಾ ಚೆನ್ನಾಗಿದೆ, ಗಾಬರಿ ಬೇಡ."

"ಬಸುರಿಲಿ ಸ್ಕ್ಯಾನ್ ಮಾಡಿದ್ರಲ್ಲ?"

"ಆವಾಗ ಮಗೂನ ನೋಡಿರ್ತಾರೆ."

ನನಗೆ ಗಾಬರಿಯೇನೂ ಆಗಲಿಲ್ಲ. ಅಣ್ಣ ನೆನಪಾದ, ಅಷ್ಟೆ.

ಅವನ ಎರಡೂ ಕಿಡ್ನಿ ಕೆಟ್ಟಾಗ ನನ್ನ ಮಗಳು ಅಂಬೆಗಾಲಿಡುತ್ತಿದ್ದಳು. ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಅವನು ನೇರ ಡಯಾಲಿಸಿಸ್‌ಗೆ ಹೋಗುತ್ತಿದ್ದ. ಅತ್ತಿಗೆಯ ರಕ್ತದ ಗುಂಪು ಹೊಂದಲಿಲ್ಲ, ನನ್ನದು ಹೊಂದುತ್ತಿತ್ತು. ಕೊಡುತ್ತೇನೆಂದು ನಾನು ಹೇಳಿದಾಗ ಅಣ್ಣನೇ ತಡೆದ. "ಕೈಕೂಸು ಇಟ್ಕೊಂಡು ಬೇಡ. ಇನ್ನೊಂದ್ಸಲ ಈ ಮಾತು ಎತ್ಬೇಡ" ಎಂದ. ಟೆಸ್ಟಿನವರೆಗೂ ಹೋಗಲಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ಅವನು ತೀರಿಕೊಂಡ.

ಆಮೇಲೆ ಹಬ್ಬಕ್ಕೆ ಕರೆದರೆ ಅತ್ತಿಗೆ ಬರುತ್ತಿದ್ದಳು, ಬಡಿಸಿದ್ದನ್ನು ಉಣ್ಣುತ್ತಿದ್ದಳು. ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ. ಯಾಕೆಂದು ನಾನೂ ಕೇಳಲಿಲ್ಲ.

ಡಾಕ್ಟರ ಹತ್ತಿರದಿಂದ ಮನೆಗೆ ಹೋಗದೆ, ಮೆಟ್ರೋ ಹತ್ತಿ ಕೆ.ಆರ್. ಪುರದ ಅತ್ತಿಗೆಯ ಮನೆಗೆ ಹೋದೆ. ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ಡಾಕ್ಟರು ಹೇಳಿದ್ದನ್ನು ಹಾಗೇ ಹೇಳಿದೆ. ಕೈಯಲ್ಲಿದ್ದ ಟವೆಲ್ ಮಡಚಿಟ್ಟು ನನ್ನ ಕಡೆ ನೋಡಿದಳು.

"ನೀನು ಕೊಡ್ತೀಯ ಅಂತ ತುಂಬ ದಿನ ಕಾದೆ" ಎಂದಳು.

"ಕೊಡ್ತೀನಿ ಅಂದಿದ್ದೆ ಅತ್ತಿಗೆ. ಅಣ್ಣ ಬೇಡ ಅಂದ."

"ನಂಗೆ ಹೇಳ್ಲಿಲ್ಲ ಅವ್ರು."

"ನಾನೂ ಹೇಳ್ಲಿಲ್ಲ. ಹೋದವನ ಮೇಲೆ ತಪ್ಪು ಹಾಕಿದ ಹಾಗಾಗುತ್ತೆ ಅಂತ."

ಇನ್ನೊಂದು ಬಟ್ಟೆ ಎತ್ತಿಕೊಂಡಳು. "ಟೆಸ್ಟ್ ಮಾಡಿದ್ರೆ ಆವತ್ತೇ ಗೊತ್ತಾಗ್ತಿತ್ತು, ಅಲ್ವಾ?"

"ಹೂಂ."

"ಆದ್ರೂ ಅವ್ರು ಉಳೀತಿರ್ಲಿಲ್ಲ."

"ಇಲ್ಲ."

ಅವಳು ಅಳಲಿಲ್ಲ. ಹೊರಗೆ ತರಕಾರಿ ಗಾಡಿಯವನು ಟೊಮೇಟೊ ಕೂಗುತ್ತಿದ್ದ. ಅವಳು ಎದ್ದುಹೋಗಿ ಒಂದು ಚೊಂಬು ನೀರು ತಂದು ನನ್ನ ಮುಂದಿಟ್ಟಳು. "ಇರೋದೊಂದೇ. ಚೆನ್ನಾಗಿ ನೀರು ಕುಡಿ." ಕುಡಿದೆ. ಹೊರಟಾಗ ಮೆಟ್ರೋ ಮೆಟ್ಟಿಲವರೆಗೂ ಬಂದಳು. ಕೊನೆಗೆ, "ಮಗಳನ್ನೂ ಒಂದ್ಸಲ ಡಾಕ್ಟರಿಗೆ ತೋರಿಸ್ಬಿಡು" ಎಂದಳು.

ಮನೆಯಲ್ಲಿ ಗಂಡ ಬಾಗಿಲಲ್ಲೇ ನಿಂತಿದ್ದರು. ವಿಷಯ ಕೇಳಿ, "ಸದ್ಯ, ಅಷ್ಟೇ ತಾನೆ" ಎಂದು ಉಸಿರುಬಿಟ್ಟರು. ಅಳು ಬರಬಹುದೇನೋ ಎಂದು ಬಚ್ಚಲಲ್ಲಿ ಸ್ವಲ್ಪ ಹೊತ್ತು ನಿಂತೆ. ಬರಲಿಲ್ಲ. ಕೈಕಾಲು ತೊಳೆದುಕೊಂಡು ಬಂದು ಅನ್ನಕ್ಕಿಟ್ಟೆ.