ಶುಕ್ರವಾರಕ್ಕೆ ಒಗ್ಗಿದ ಹಿರಿಯರು

ಕುವೈತಿನ ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ದುರಸ್ತಿಯ ಶಟ್‌ಡೌನ್ ನಡೆದಾಗ ನಮ್ಮ ಗುತ್ತಿಗೆ ಕಂಪನಿಯ ರಜೆಗಳಿಗೆಲ್ಲ ನಾನೇ ಸಾರ್ವಭೌಮ. ನನ್ನ ಆಸ್ಥಾನಕ್ಕೆ, ಅಂದರೆ ಏಸಿ ಸೋರುವ ಕಂಟೇನರಿಗೆ, ಒಂದು ಮಧ್ಯಾಹ್ನ ಚೀನಾದ ವೆಲ್ಡಿಂಗ್ ಫೋರ್‌ಮನ್ ಅರ್ಜಿ ಹಿಡಿದು ಬಂದ. ಅವನ ತಂದೆ ತೀರಿ ವರ್ಷವಾಗುತ್ತಿತ್ತು. ತಂದೆಯ ಹೆಸರು ಕೆತ್ತಿದ ಮರದ ಫಲಕವನ್ನು ಮನೆತನದ ಹಿರಿಯರ ಗುಡಿಯಲ್ಲಿಡಲು ದಿನ ಗೊತ್ತಾಗಿತ್ತು. ಫಲಕ ಹೊರಬೇಕಾದವನು ಹಿರಿಮಗ, ಅಂದರೆ ಇವನು.

ನನಗೆ ತಿಳಿಯಲೆಂದು ಕೆಲಸದ ಪರ್ಮಿಟ್ ಹಾಳೆಯ ಹಿಂದೆ ಗುಡಿಯ ಚಿತ್ರ ಬರೆದ. ಮೆಟ್ಟಿಲಿನಂತೆ ಫಲಕಗಳ ಸಾಲು. ಮೇಲೆ ಹೋದಷ್ಟೂ ಹಳೆಯ ಅಜ್ಜಂದಿರು. ನಡುವೆ ಸರ್ಕಾರ ಪೂಜೆ ನಿಲ್ಲಿಸಿ ಅದನ್ನು ಕಾಳಿನ ಉಗ್ರಾಣ ಮಾಡಿತ್ತಂತೆ, ಆಮೇಲೆ ಶಾಲೆ. ಇವನು ಮಗ್ಗಿ ಕಲಿತದ್ದು ಅಲ್ಲೇ. ಆ ಕಾಲದಲ್ಲಿ ಫಲಕಗಳನ್ನು ಅಜ್ಜಿ ಹುಲ್ಲಿನಡಿ ಬಚ್ಚಿಟ್ಟಿದ್ದಳು. ಈಗ ಮದುವೆಯ ಊಟ, ದಾಯಾದಿಗಳ ಪಂಚಾಯಿತಿ ಎಲ್ಲ ಆ ಅಜ್ಜಂದಿರ ಕಣ್ಣೆದುರೇ.

"ಶಟ್‌ಡೌನ್ ಮುಗೀಲಿ ಭಾಯಿ. ದಿನ ಮುಂದೆ ಹಾಕಿಸು" ಎಂದೆ, ಇಬ್ಬರಿಗೂ ಅರ್ಧಂಬರ್ಧ ಬರುವ ಸೈಟಿನ ಹಿಂದಿಯಲ್ಲಿ.

"ಮುಂದೆ ಹೋಗಲ್ಲ ಭಾಯಿ. ಇಡೀ ಮನೆತನ ಬರುತ್ತೆ."

ನಾನು ಧರ್ಮಾಧಿಕಾರಿಯ ಗಾಂಭೀರ್ಯದಿಂದ ನಮ್ಮ ಪದ್ಧತಿ ವಿವರಿಸಿದೆ. ಅಪ್ಪನ ತಿಥಿ ಯಾವ ವಾರ ಬಿದ್ದರೂ ಕುವೈತಿನಲ್ಲಿ ನಾವು ಎಡೆ ಇಡುವುದು ಶುಕ್ರವಾರ, ರಜೆಯ ದಿನ. ಇಷ್ಟು ವರ್ಷವಾದರೂ ಅಪ್ಪನಿಂದ ತಕರಾರು ಬಂದಿಲ್ಲ.

ಅವನು ಯೋಚಿಸಿದ. "ಶುಕ್ರವಾರ ಅಂತ ನಿಮ್ಮಪ್ಪಂಗೆ ಯಾರು ಹೇಳ್ತಾರೆ?"

"ಗೊತ್ತಾಗುತ್ತೆ" ಎಂದು ಅರ್ಜಿಯ ಮೇಲೆ ಇಲ್ಲವೆಂದು ಬರೆದೆ.

ಫಲಕ ಇಡಲು ಗೊತ್ತುಮಾಡಿದ್ದ ದಿನ ಬೆಳಗಿನ ಚಹಾದ ಹೊತ್ತಿಗೆ ಅವನು ಮತ್ತೆ ಬಂದ. ನೆಟ್‌ವರ್ಕ್ ಚೆನ್ನಾಗಿದ್ದದ್ದು ನನ್ನ ಕಂಟೇನರಿನಲ್ಲಿ ಮಾತ್ರ. ನನ್ನ ಹೆಲ್ಮೆಟ್ಟಿಗೆ ಫೋನು ಆನಿಸಿಟ್ಟು ನಿಂತ. ಪರದೆಯಲ್ಲಿ ಅವನ ತಮ್ಮ ಫಲಕ ಹೊತ್ತು ಹೊಸ್ತಿಲು ದಾಟಿದ, ಕೆಳಗಿನ ಸಾಲಿನಲ್ಲಿ ಇಟ್ಟ. ಇವನು ಕೈಗವಸು ಕಳಚಿ ಮೂರು ಸಲ ಬಾಗಿದ.

"ಖಲಾಸ್" ಎಂದು ಹೆಲ್ಮೆಟ್ ನನ್ನ ಕೈಗಿತ್ತು ಕೆಲಸಕ್ಕೆ ಹೋದ. ನನಗೆ ಏನೂ ಅನಿಸಲಿಲ್ಲ. ಉಳಿದ ಪರ್ಮಿಟ್‌ಗಳಿಗೆ ಸಹಿ ಹಾಕಿದೆ.

"ಅವಂಗ ನಾಕ್ ದಿನಾ ರಜಾ ಕೊಟ್ಟಿದ್ರ ನಿಮ್ಮ ರಿಫೈನರಿ ಬೀಳತಿತ್ತೇನ್ರಿ?" ಎಂದಳು ಹೆಂಡತಿ, ರಾತ್ರಿ ಮನೆಯಲ್ಲಿ ಇದನ್ನು ಹೇಳಿದಾಗ.

"ಇಲ್ಲ" ಎಂದೆ.

ಆ ವಾರವೇ ಅಪ್ಪನ ತಿಥಿ. ಅದು ಮಂಗಳವಾರವೇ ಕಳೆದಿತ್ತು. ಸಾರ್ವಭೌಮನಿಗೆ ರಜೆ ಇದ್ದದ್ದು ಶುಕ್ರವಾರ. ಬಾಲ್ಕನಿಯಲ್ಲಿ ಹೋಳಿಗೆ, ಅನ್ನ ಇಟ್ಟು ಕೈಮುಗಿದು ಕಾಗೆಗೆ ಕಾದೆ, ಬಹಳ ಹೊತ್ತು.

ಶನಿವಾರ ಫೋರ್‌ಮನ್ ಪರ್ಮಿಟ್ ಒಯ್ಯಲು ಬಂದಾಗ ಹಿಂದಿನ ದಿನ ಎಡೆ ಇಟ್ಟೆನೆಂದೆ. ಅವನು ಕೇಳಿದ. "ಬಂದ್ರಾ ನಿಮ್ಮಪ್ಪ?" ಅದರಲ್ಲಿ ಕುಹಕವಿರಲಿಲ್ಲ.

"ಪಾರಿವಾಳ ಬಂದಿತ್ತು" ಎಂದೆ.

ಅವನು ತಲೆಯಾಡಿಸಿ ಪರ್ಮಿಟ್ ತೆಗೆದುಕೊಂಡು ಹೋದ.